ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ವಿಧಿವಿಜ್ಞಾನ: ಬೆರಳಚ್ಚು ಮತ್ತು ದಾಖಲೆಗಳ ಪರಿಚಯ

ಪಿಂಚಣಿ, ಪಡಿತರ, ಜಮೀನಿನ ನೋಂದಣಿ ಮೊದಲಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಹಲವು ಸಂದರ್ಭಗಳಲ್ಲಿ ಬೆರಳಚ್ಚು ನೀಡಬೇಕಾಗುತ್ತದೆ. ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಮತ್ತು ಸುತ್ತಲಿನ ಗ್ರಾಮಗಳಂತಹ ಕಡೆ ಮನೆಯ ಹಿರಿಯರಿಗೆ ಈ ಕಾಗದಪತ್ರಗಳನ್ನು ಓದಿ ಹೇಳುವ ಹೊಣೆ ಅನೇಕ ವೇಳೆ ಪ್ರೌಢಶಾಲೆಯಲ್ಲಿ ಓದುವ ಮಕ್ಕಳದ್ದಾಗಿರುತ್ತದೆ. ಆದ್ದರಿಂದ ಮಕ್ಕಳಿಗೆ ವಿಧಿವಿಜ್ಞಾನವನ್ನು ಪರಿಚಯಿಸುವಾಗ ಬೆರಳಚ್ಚು ಮತ್ತು ದಾಖಲೆಗಳಿಂದ ಆರಂಭಿಸುವುದು ಸೂಕ್ತ.

ನ್ಯಾಯಾಲಯದ ಮುಂದಿರುವ ಪ್ರಶ್ನೆಗೆ ವಿಜ್ಞಾನದ ವಿಧಾನದಿಂದ ಉತ್ತರ ಕಂಡುಕೊಳ್ಳುವುದೇ ವಿಧಿವಿಜ್ಞಾನ. ಇದು ಕೊಲೆ ಪ್ರಕರಣಗಳಿಗಷ್ಟೇ ಸಂಬಂಧಿಸಿದ್ದೆಂಬ ಭಾವನೆ ದೂರದರ್ಶನ ಧಾರಾವಾಹಿಗಳಿಂದ ಬಂದದ್ದು. ಭಾರತದಲ್ಲಿ ಆಂಗ್ಲ ಆಡಳಿತವು ಕೈಮುದ್ರೆಯತ್ತ ತಿರುಗಿದ್ದು ಒಂದು ಕರಾರುಪತ್ರದ ನಿಮಿತ್ತ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ರಸ್ತೆ ಸಾಮಗ್ರಿ ಪೂರೈಸುತ್ತಿದ್ದ ರಾಜ್ಯಧರ ಕೊನಾಯಿ ಅವರಿಂದ ಕರಾರಿನ ಮೇಲೆ ಅಂಗೈ ಮುದ್ರೆ ಪಡೆದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರ ಸ್ಥಾಪನೆಯಾಯಿತು. ಅಲ್ಲಿನ ವರ್ಗೀಕರಣ ಕ್ರಮದ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಶ್ರಮವಿದ್ದರೂ ಅದು ಪ್ರಸಿದ್ಧವಾದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿ ಅವರ ಹೆಸರಿನಲ್ಲಿ.

ತರಗತಿಯಲ್ಲಿ ಇದನ್ನು ಕಲಿಸಲು ವಿಶೇಷ ಉಪಕರಣಗಳು ಬೇಕಿಲ್ಲ. ಗಾಜಿನ ಲೋಟದ ಮೇಲೆ ಬೆರಳೊತ್ತಿ, ಪೆನ್ಸಿಲ್ ಸೀಸದ ನುಣ್ಣನೆಯ ಪುಡಿಯನ್ನು ಮೃದುವಾದ ಕುಂಚದಿಂದ ಸವರಿ, ಮೂಡಿದ ಗೆರೆಗಳನ್ನು ಅಂಟುಪಟ್ಟಿಯಿಂದ ಎತ್ತಿ ಬಿಳಿ ಹಾಳೆಗೆ ಅಂಟಿಸಬಹುದು. ಕುಣಿಕೆ, ಸುರುಳಿ, ಕಮಾನು ಎಂಬ ಮೂರು ಮುಖ್ಯ ವಿನ್ಯಾಸಗಳನ್ನು ವಿದ್ಯಾರ್ಥಿಗಳೇ ಗುರುತಿಸುವರು. ಈ ಗೆರೆಗಳು ಹುಟ್ಟುವ ಮೊದಲೇ ರೂಪುಗೊಳ್ಳುತ್ತವೆ. ತದ್ರೂಪಿ ಅವಳಿಗಳಲ್ಲಿಯೂ ಅವು ಭಿನ್ನ. ಹೊಲ, ಕಲ್ಲು, ಸಿಮೆಂಟಿನ ಕೆಲಸದಿಂದ ಗೆರೆ ಸವೆದು ಯಂತ್ರವು ಬೆರಳನ್ನು ಗುರುತಿಸದಿರಬಹುದಾದರೂ, ಚರ್ಮದ ಮೇಲ್ಪದರ ಮತ್ತೆ ಬೆಳೆದಾಗ ಸಾಮಾನ್ಯವಾಗಿ ಅದೇ ವಿನ್ಯಾಸ ಮರಳುತ್ತದೆ. ಪಡಿತರ ಅಂಗಡಿಯಲ್ಲಿ ಅಜ್ಜಿಯ ಬೆರಳು ಹೊಂದದಿರುವುದಕ್ಕೆ ಕಾರಣವೇನೆಂದು ಮಗುವಿಗೆ ಇಲ್ಲಿ ತಿಳಿಯುತ್ತದೆ.

ಶಾಯಿಯ ಪರೀಕ್ಷೆಯೂ ಅಷ್ಟೇ ಸರಳ. ಸೋಸುವ ಕಾಗದದ ಪಟ್ಟಿಯ ಮೇಲೆ, ಕೆಳಅಂಚಿನಿಂದ ಸುಮಾರು 3 ಸೆಂ.ಮೀ. ಎತ್ತರದಲ್ಲಿ ಕಪ್ಪು ಸ್ಕೆಚ್ ಪೆನ್ನಿನ ಚುಕ್ಕೆಯಿಟ್ಟು, ಚುಕ್ಕೆಯು ನೀರಿಗೆ ತಾಗದಂತೆ ಅಂಚನ್ನಷ್ಟೇ ಅದ್ದಿದರೆ, ನೀರು ಮೇಲೇರಿದಂತೆ ಬಣ್ಣಗಳು ಬೇರ್ಪಡುತ್ತವೆ. ಎರಡು ಕಂಪನಿಗಳ ಪೆನ್ನುಗಳು ಸಾಮಾನ್ಯವಾಗಿ ಬೇರೆ ಬೇರೆ ಪಟ್ಟೆಗಳನ್ನು ತೋರುತ್ತವೆ. ಪತ್ರದಲ್ಲಿ ಅಂಕಿಯೊಂದನ್ನು ನಂತರ ಬೇರೆ ಶಾಯಿಯಿಂದ ಸೇರಿಸಿರುವುದನ್ನು ಪತ್ತೆ ಹಚ್ಚುವ ಒಂದು ಮಾರ್ಗ ಈ ತತ್ವವನ್ನೇ ಆಧರಿಸಿದೆ. ಬಾಲ್ ಪೆನ್ನಿನ ಶಾಯಿ ನೀರಿನಲ್ಲಿ ಕರಗದು. ಅದಕ್ಕೆ ಸ್ಪಿರಿಟ್ ಬೇಕಾಗುವುದರಿಂದ ಆ ಪ್ರಯೋಗವನ್ನು ಶಿಕ್ಷಕರೇ ಮಾಡಿ ತೋರಿಸತಕ್ಕದ್ದು.

ಪ್ರಯೋಗದ ನಂತರ ಬೆರಳಚ್ಚಿನ ಹಾಳೆಗಳನ್ನು ಹೆಸರು ಬರೆದು ಗೋಡೆಗೆ ಅಂಟಿಸುವುದಾಗಲಿ, ಮೊಬೈಲಿನಲ್ಲಿ ಹಂಚುವುದಾಗಲಿ ಸಲ್ಲದು, ಅವುಗಳನ್ನು ನಾಶಪಡಿಸಬೇಕು. 2023ರಲ್ಲಿ ರಾಜ್ಯದಲ್ಲಿ ನೋಂದಾಯಿತ ಕ್ರಯಪತ್ರಗಳ ಪ್ರತಿಗಳಿಂದ ಬೆರಳಚ್ಚು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ವರದಿಯಾದವು. ಗುಪ್ತಸಂಖ್ಯೆಯನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಬಳಕೆಯಿಲ್ಲದಾಗ ಆಧಾರ್ ಬಯೋಮೆಟ್ರಿಕ್ ವಿವರಗಳನ್ನು ಲಾಕ್ ಮಾಡುವ ಸೌಲಭ್ಯವು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿದೆ. ಖಾಲಿ ಕಾಗದಕ್ಕೆ ಯಾವ ಕಾರಣಕ್ಕೂ ಹೆಬ್ಬೆಟ್ಟು ಒತ್ತಬಾರದು.

ಊರಿನಲ್ಲಿ ಕಳ್ಳತನವಾದಾಗ ನೆರೆಹೊರೆಯವರೆಲ್ಲ ಮನೆಯೊಳಗೆ ಬಂದು ಪೆಟ್ಟಿಗೆ, ಬಾಗಿಲುಗಳನ್ನು ಮುಟ್ಟಿ ನೋಡುವುದು ಸಾಮಾನ್ಯ. ಇದರಿಂದ ಕಳ್ಳನ ಗುರುತು ಅಳಿದು ಊರವರ ಗುರುತು ಉಳಿಯುತ್ತದೆ. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176(3), ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡುವುದನ್ನು ವಿಧಿಸುತ್ತದೆ. ರಾಜ್ಯಗಳು ಇದನ್ನು ಐದು ವರ್ಷಗಳೊಳಗೆ ಜಾರಿಗೆ ತರಬೇಕಿದೆ. ಈ ಭಾಗಕ್ಕೆ ಸಮೀಪದ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವು ಕಲಬುರಗಿಯಲ್ಲಿದ್ದು, ತಜ್ಞರು ಬರುವವರೆಗೆ ಬಾಗಿಲು ಮುಚ್ಚಿ ಯಾರನ್ನೂ ಒಳಬಿಡದಿರುವುದು ಮನೆಯವರ ಕೈಯಲ್ಲೇ ಇದೆ.

ಬೆರಳಚ್ಚಿನ ದುರ್ಬಳಕೆಯಿಂದ ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೂ ಸಂಬಂಧಿಸಿದ ಬ್ಯಾಂಕಿಗೂ ತಿಳಿಸತಕ್ಕದ್ದು. ಇತರ ತುರ್ತು ಸಂದರ್ಭಗಳಲ್ಲಿ 112ಕ್ಕೆ ಕರೆ ಮಾಡಬಹುದು.