ಬ್ಯಾಂಕಾಕ್‌ನಿಂದ ಬಂದ ಕಾಂಗರೂ ಮರಿ

2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್ ವಿಮಾನದಿಂದ ಕೆಂಪೇಗೌಡ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕರೊಬ್ಬರ ಟ್ರಾಲಿ ಬ್ಯಾಗಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ್ದು 234 ಪ್ರಾಣಿಗಳು. ಹೆಬ್ಬಾವು, ಊಸರವಳ್ಳಿ, ಇಗುವಾನ, ಆಮೆಗಳ ನಡುವೆ ಒಂದು ಕಾಂಗರೂ ಮರಿ. ಅದು ಆಗಲೇ ಉಸಿರುಗಟ್ಟಿ ಸತ್ತಿತ್ತು. ಮರುತಿಂಗಳೇ ಮತ್ತೊಂದು ಬ್ಯಾಗ್ ಸಿಕ್ಕಿತು. ಅದರಲ್ಲಿ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು, 6 ಕ್ಯಾಪುಚಿನ್ ಕೋತಿಗಳಿದ್ದವು. ಆರೂ ಕೋತಿಗಳು ಸತ್ತಿದ್ದವು.

ಕೊಳ್ಳುವವರಿಲ್ಲದೆ ಯಾರೂ ಇಂಥ ಸರಕು ತರುವುದಿಲ್ಲ. ಕಾಂಗರೂ ಕಟ್ಟಿಹಾಕಲು ತೋಟದ ಮನೆಯೇ ಬೇಕು, ಅದು ದುಡ್ಡಿದ್ದವರ ಹುಚ್ಚು ಎನ್ನಬಹುದು. ಆದರೆ ಹೊಟ್ಟೆಯಲ್ಲಿ ಚೀಲವಿರುವ ಇನ್ನೊಂದು ಆಸ್ಟ್ರೇಲಿಯಾ ಪ್ರಾಣಿಗೆ ತೋಟವೂ ಬೇಡ, ಅಂಗಳವೂ ಬೇಡ, ಅಂಗಿಯ ಜೇಬು ಸಾಕು ಎಂದು ಮಾರುವವರು ಹೇಳುತ್ತಾರೆ. ಅದರ ಹೆಸರು ಶುಗರ್ ಗ್ಲೈಡರ್. ಬೆಂಗಳೂರಿನ ಮಡಿವಾಳದಂಥ ಕಡೆ ಈ ಮಾತಿಗೆ ಮರುಳಾಗುವುದು ಸುಲಭ. ಗಲ್ಲಿ ಗಲ್ಲಿಗೂ ಪಿಜಿ, ಹತ್ತಡಿಯ ಕೋಣೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹಣ್ಣಾಗಿ ರಾತ್ರಿ ಒಂಬತ್ತಕ್ಕೆ ಬಂದು ಬೀಳುವ ಹುಡುಗ ಹುಡುಗಿಯರು. ನಾಯಿ ಸಾಕುತ್ತೇನೆಂದರೆ ಓನರ್ ಒಪ್ಪುವುದಿಲ್ಲ. ಬೊಗಳದ, ಬಾಡಿಗೆ ಕರಾರಿನಲ್ಲಿ ಹೆಸರಿಲ್ಲದ, ರೀಲ್ಸ್‌ನಲ್ಲಿ ಅಂಗೈ ಮೇಲೆ ಕೂತು ಹಣ್ಣು ಮೆಲ್ಲುವ ಜೀವವೊಂದು ಜೊತೆಗಿದ್ದರೆ ಆಗಬಹುದು ಅನ್ನಿಸುವುದರಲ್ಲಿ ತಪ್ಪೇನಿದೆ?

ಅನ್ನಿಸುವುದರಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಪ್ರಾಣಿಯ ದಿನಚರಿಯಲ್ಲಿ. ಅಲ್ಲ, ರಾತ್ರಿಚರಿಯಲ್ಲಿ ಎನ್ನಬೇಕು. ಶುಗರ್ ಗ್ಲೈಡರ್ ಹಗಲೆಲ್ಲ ಮರದ ಪೊಟರೆಯಲ್ಲಿ ತನ್ನ ಬಳಗದ ಜೊತೆ ಮುದುರಿ ಮಲಗಿ, ಕತ್ತಲಾದ ಮೇಲೆ ಎದ್ದು, ಮೈಯ ಎರಡೂ ಬದಿಯ ಚರ್ಮ ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಒಂದೇ ಏಟಿಗೆ ಐವತ್ತು ಮೀಟರ್ ದಾಟಬಲ್ಲದು. ಅಕೇಶಿಯ ಮರದ ಅಂಟು, ನೀಲಗಿರಿಯ ರಸ, ಮಕರಂದ, ಹುಳುಹುಪ್ಪಟೆ ಅದರ ಆಹಾರ. ಸೇಬು ಬಾಳೆಹಣ್ಣಿನ ಚೂರು ಕೊಟ್ಟೇ ಸಾಕಿದರೆ ಸುಣ್ಣದಂಶ ಸಾಲದೆ ಮೂಳೆ ಮೆತ್ತಗಾಗಿ ಹಿಂಗಾಲು ಬಿದ್ದುಹೋಗುತ್ತದೆ. ಒಂಟಿಯಾಗಿಟ್ಟರೆ ತನ್ನ ರೋಮವನ್ನು ತಾನೇ ಕಿತ್ತುಕೊಳ್ಳುವುದೂ ಉಂಟು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕಿಂತ ಹೆಚ್ಚು ಬದುಕುತ್ತದೆ. ಪಿಜಿ ಕೋಣೆಯಲ್ಲಿ ಹತ್ತು ವರ್ಷ ಇರುವ ಮನುಷ್ಯನನ್ನೇ ನಾನು ಕಂಡಿಲ್ಲ.

ಅದರ ತವರಿನಲ್ಲಿ ಕಥೆ ಬೇರೆಯೇ? ಆಸ್ಟ್ರೇಲಿಯಾದಲ್ಲಿ ರಾಜ್ಯಕ್ಕೊಂದು ಕಾನೂನು. ವಿಕ್ಟೋರಿಯಾದಲ್ಲಿ ಪರವಾನಗಿ ಪಡೆದು ಶುಗರ್ ಗ್ಲೈಡರ್ ಸಾಕಬಹುದು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ಥಳೀಯ ಸಸ್ತನಿಗಳ ಪೈಕಿ ಪರವಾನಗಿ ಸಿಗುವುದು ಎರಡಕ್ಕೆ ಮಾತ್ರ, ಅವೆರಡೂ ಇಲಿಯ ಜಾತಿಯವು. ಬಿಲ್ಬಿ ಎಂಬ ಅಲ್ಲಿನ ಇನ್ನೊಂದು ಚೀಲದ ಪ್ರಾಣಿಯ ಮಾತಂತೂ ಎತ್ತುವಂತಿಲ್ಲ. ಮೊಲದಂಥ ಕಿವಿ, ಚೂಪು ಮೂತಿ, ರೇಷ್ಮೆಯಂಥ ಬೂದು ರೋಮ. ನೋಡಿದವರು ಒಮ್ಮೆ ಎತ್ತಿಕೊಳ್ಳೋಣ ಎನ್ನುವಂಥ ಪ್ರಾಣಿ ಅದು. ಅದರ ಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಬಿಲ ತೋಡುವಾಗ ಮರಿಯ ಮೇಲೆ ಮಣ್ಣು ಬೀಳಬಾರದಲ್ಲ! ಹಿಂದೆ ಆ ಖಂಡದ ಮುಕ್ಕಾಲು ಭಾಗದಷ್ಟು ನೆಲದಲ್ಲಿ ಓಡಾಡಿಕೊಂಡಿದ್ದ ಬಿಲ್ಬಿಯನ್ನು ಹೊರಗಿನವರು ತಂದು ಬಿಟ್ಟ ನರಿ ಮತ್ತು ಬೆಕ್ಕುಗಳು ತಿಂದು ಮುಗಿಸುತ್ತ ಬಂದವು. ಅದರ ಚಿಕ್ಕ ತಂಗಿಯಂತಿದ್ದ ಇನ್ನೊಂದು ಪ್ರಭೇದ 1950ರ ದಶಕದ ಹೊತ್ತಿಗೆ ಅಳಿದೇ ಹೋಯಿತು. ಉಳಿದಿರುವ ಬಿಲ್ಬಿಗಳಲ್ಲಿ ಕೆಲವನ್ನು ಈಗ ಬೇಲಿ ಹಾಕಿದ ರಕ್ಷಿತ ಪ್ರದೇಶಗಳಲ್ಲಿ ಕಾಪಾಡುತ್ತಿದ್ದಾರೆ.

ಹೀಗಿರುವಾಗ ಅಲ್ಲೊಬ್ಬರು ತಿರುಗುಬಾಣದಂಥ ಪ್ರಶ್ನೆ ಎತ್ತಿದರು. ಆಸ್ಟ್ರೇಲಿಯನ್ ಮ್ಯೂಸಿಯಂನ ನಿರ್ದೇಶಕರಾಗಿದ್ದ ಪಳೆಯುಳಿಕೆ ವಿಜ್ಞಾನಿ ಮೈಕ್ ಆರ್ಚರ್, ಚುಕ್ಕೆ ಮೈಯ ಕ್ವೋಲ್ ಎಂಬ ಪ್ರಾಣಿಯನ್ನು ಮನೆಯಲ್ಲಿ ಸಾಕಿ ನೋಡಿದವರು. ನಾಯಿ ಬೆಕ್ಕುಗಳು ಎಂದೂ ಅಳಿಯುವುದಿಲ್ಲ, ಏಕೆಂದರೆ ಮನುಷ್ಯನಿಗೆ ಅವು ಬೇಕು. ಹಾಗಾದರೆ ನಮ್ಮ ನೆಲದ ಪ್ರಾಣಿಗಳನ್ನೂ ಜನ ಸಾಕಲಿ, ಅವೂ ಉಳಿಯುತ್ತವೆ ಎಂಬುದು ಅವರ ವಾದ. ತಳ್ಳಿಹಾಕುವಂಥ ಮಾತಲ್ಲ. ಅದಕ್ಕೆ ಸಾಕ್ಷಿ ಮಡಿವಾಳದ ಪೆಟ್ ಶಾಪಿನ ಪಂಜರದಲ್ಲೇ ಕೂತಿದೆ. ‘ಲವ್ ಬರ್ಡ್ಸ್’ ಎಂದು ನಾವು ಜೋಡಿ ಲೆಕ್ಕದಲ್ಲಿ ತರುವ ಹಸಿರು ಹಳದಿ ಹಕ್ಕಿ ಆಸ್ಟ್ರೇಲಿಯಾದ ಒಣ ಬಯಲಿನ ಬಜರಿಗರ್. 1840ರಲ್ಲಿ ಯೂರೋಪಿಗೆ ಹೋದದ್ದು ಪಂಜರದಲ್ಲೇ ಮರಿ ಮಾಡುತ್ತ, ನವಣೆ ತಿನ್ನುತ್ತ ಜಗತ್ತೆಲ್ಲ ಹರಡಿತು. ಕಾಡಿನಲ್ಲೂ ಅದಕ್ಕೆ ಕೊರತೆಯಾಗಿಲ್ಲ.

ಅದೇ ವಾದವನ್ನು ನಮ್ಮ ಕಡೆಯ ನಕ್ಷತ್ರ ಆಮೆಯ ಮೇಲಿಟ್ಟು ನೋಡಿ, ಪೂರಾ ತಲೆಕೆಳಗು. ಕೋಲಾರ, ಚಿಂತಾಮಣಿ ಕಡೆಯ ಕುರುಚಲು ಬಯಲಿನ ಈ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಒಲಿಯುತ್ತಾಳೆಂದು ತಂದಿಟ್ಟುಕೊಂಡವರು ಬೇಕಾದಷ್ಟು. ಇಷ್ಟು ಜನಕ್ಕೆ ಬೇಕಾದ ಪ್ರಾಣಿ ಆರ್ಚರ್ ಲೆಕ್ಕದಲ್ಲಿ ಸುಖವಾಗಿರಬೇಕಿತ್ತು. ಆದರೆ ಭಾರತದ ಒಂದೇ ಒಂದು ಸಂಗ್ರಹ ತಾಣದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಸಾಗುತ್ತಿದ್ದುದನ್ನು 2015ರ ಅಧ್ಯಯನವೊಂದು ಲೆಕ್ಕಹಾಕಿತು. ಕಾರಣ ಸರಳ. ಆಮೆ ನಿಧಾನವಾಗಿ ಬೆಳೆದು, ಕೆಲವೇ ಮೊಟ್ಟೆ ಇಡುತ್ತದೆ. ಅದನ್ನು ಸಾಕಿ ಮರಿ ಮಾಡಿಸುವುದಕ್ಕಿಂತ ಬಯಲಿಗೆ ಹೋಗಿ ಗೋಣಿಗೆ ತುಂಬಿಕೊಳ್ಳುವುದು ಅಗ್ಗ. ಎಲ್ಲಿಯವರೆಗೆ ಹಿಡಿಯುವುದು ಅಗ್ಗವೋ ಅಲ್ಲಿಯವರೆಗೆ ಸಾಕುವವರ ಪ್ರೀತಿಯೇ ಅದಕ್ಕೆ ಮುಳುವು. ಕಾಡುಪಾಪದ್ದೂ ಹೆಚ್ಚುಕಡಿಮೆ ಇದೇ ಪಾಡು. ದೊಡ್ಡ ಕಣ್ಣಿನ ಈ ನಿಶಾಚರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ಇನ್ನೂ ಉಳಿದಿದೆ. ಕೊಂಬೆಗೆ ಕೊಂಬೆ ತಾಗುವ ಮರಗಳು ಅದಕ್ಕೆ ಬೇಕು, ನೆಲಕ್ಕಿಳಿಯುವುದು ಅದಕ್ಕಾಗದು. ಅದನ್ನು ಹಿಡಿದವರು ಸಾಕಲು ಮಾತ್ರವಲ್ಲ, ಮಾಟಮಂತ್ರಕ್ಕೂ ಬಳಸಿದರು. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಅದಕ್ಕೆಂದೇ ಅಭಯಾರಣ್ಯ ಘೋಷಿಸಿತು. ಬೆಂಗಳೂರು ಮಾತ್ರ ಇದ್ದ ಸಾಲುಮರಗಳನ್ನು ರಸ್ತೆ ಅಗಲೀಕರಣಕ್ಕೆ ಕೊಡುತ್ತ ಬಂದಿದೆ.

ನಮ್ಮ ಕಾನೂನು ನಮ್ಮ ಪ್ರಾಣಿಗಳ ವಿಷಯದಲ್ಲಿ ಗಟ್ಟಿಯಾಗಿಯೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆ, ಕಾಡುಪಾಪ, ಮನೆ ಮುಂದಿನ ಮರದ ಗಿಳಿ, ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ಮೊದಲ ಅನುಸೂಚಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಜೈಲು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳ ಮಾಲೀಕರೂ ನೋಂದಣಿ ಮಾಡಿಸಬೇಕೆಂದಿತು. 2024ರ ಫೆಬ್ರವರಿಯಲ್ಲಿ ಅದರ ನಿಯಮಗಳು ಬಂದವು. ಬಿಲ್ಬಿ ಸೈಟಿಸ್ ಪಟ್ಟಿಯ ಮೊದಲ ಅನುಬಂಧದಲ್ಲಿದೆ. ಶುಗರ್ ಗ್ಲೈಡರ್ ಪಟ್ಟಿಯಲ್ಲೇ ಇಲ್ಲ! ತವರಿನಲ್ಲಿ ಅದಕ್ಕೆ ಕುತ್ತು ಬಂದಿಲ್ಲವೆಂಬುದು ಕಾರಣ. ಆದ್ದರಿಂದ ಮಡಿವಾಳದ ಕೋಣೆಯೊಂದರಲ್ಲಿ ಅದು ಕಾಲು ಬಿದ್ದು ಕೂತಿದ್ದರೂ ಆ ರಿಜಿಸ್ಟರಿನಲ್ಲಿ ಅದಕ್ಕೊಂದು ಸಾಲು ಇರುವುದಿಲ್ಲ. ಕಾನೂನು ನೋಡುವುದು ಒಂದು ಜಾತಿ ಅಳಿಯುತ್ತದೋ ಇಲ್ಲವೋ ಎಂದು. ಸಾಕುವವರು ನೋಡಬೇಕಾದದ್ದು ಬೇರೆ: ಈ ಪ್ರಾಣಿಯ ರಾತ್ರಿ, ಅದರ ಬಳಗ, ಅದರ ಊಟ ನನ್ನ ಕೋಣೆಯಲ್ಲಿ ನಡೆಯುತ್ತವೆಯೇ? ಬಜರಿಗರ್ ಹಕ್ಕಿಗೆ ದೊಡ್ಡ ಪಂಜರ ಮತ್ತು ಜೊತೆಗಾರರಿದ್ದರೆ ನಡೆದೀತು. ಗ್ಲೈಡರ್‌ಗೆ ನಡೆಯದು.

ಈಗಾಗಲೇ ಮನೆಯಲ್ಲಿ ಗಿಳಿಯೋ ಆಮೆಯೋ ಇದ್ದು, ಇದನ್ನೋದಿ ಭಯವಾಗಿದ್ದರೆ ಒಂದು ಮಾತು. ಕೈತುತ್ತು ತಿಂದು ಬೆಳೆದ ಗಿಳಿಯನ್ನು ಟೆರೇಸಿನಿಂದ ಹಾರಿಬಿಡಬೇಡಿ, ಸಂಜೆಯೊಳಗೆ ಹದ್ದಿನ ಪಾಲಾಗುತ್ತದೆ. ನಕ್ಷತ್ರ ಆಮೆಯನ್ನು ಪುಣ್ಯ ಬರುತ್ತದೆಂದು ಮಡಿವಾಳ ಕೆರೆಗೆ ಬಿಡಬೇಡಿ, ಅದು ಒಣನೆಲದ್ದು, ಈಜಲಾರದೆ ಮುಳುಗುತ್ತದೆ. ಅಂಗಡಿಯಲ್ಲಿ ನಾಣ್ಯದಷ್ಟಿದ್ದು ಮನೆಗೆ ಬಂದು ತಟ್ಟೆಯಷ್ಟಾದ ಕೆಂಪು ಕೆನ್ನೆಯ ಅಮೆರಿಕದ ಆಮೆ ಈಜುತ್ತದೆ, ಆದರೆ ಕೆರೆಯ ನಮ್ಮ ಆಮೆಗಳ ಊಟವನ್ನೂ ಜಾಗವನ್ನೂ ಕಸಿದುಕೊಳ್ಳುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ, ಇಲ್ಲವೇ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯವರನ್ನು ಕೇಳಿ. ಒಯ್ಯುವಾಗ ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಇರಲಿ.