ಬೀದಿದೀಪದ ಚೋಕ್: ಕೆಲಸವೇನು, ಬದಲಿಸಬೇಕಾದುದು ಯಾವಾಗ?

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಸುತ್ತಲ ಹಳ್ಳಿಗಳ ಬೀದಿಗೆ ಅದು ಬಂದುದು ಬಹಳ ತಡವಾಗಿ. ಇಂದು ಸೋಮನಹಳ್ಳಿಯಂತಹ ಗ್ರಾಮಗಳಲ್ಲಿ ಬೀದಿದೀಪಗಳ ನಿರ್ವಹಣೆ ಗ್ರಾಮ ಪಂಚಾಯಿತಿಯ ಹೊಣೆಯಾಗಿದೆ. ಹಳೆಯ ಟ್ಯೂಬ್‌ಲೈಟ್ ಹಾಗೂ ಸೋಡಿಯಂ ದೀಪಗಳು ಉಳಿದಿರುವೆಡೆ, ದೀಪ ಮಿನುಗಿದೊಡನೆ ಚೋಕ್ ಬದಲಿಸುವ ರೂಢಿಯುಂಟು. ಈ ವೆಚ್ಚ ಹಲವು ವೇಳೆ ಅನಗತ್ಯವಾದುದೆಂಬುದನ್ನು ಮಾನ್ಯ ಸದಸ್ಯರು ಗಮನಿಸಬೇಕು.

ಈ ದೀಪಗಳಲ್ಲಿ ಬೆಳಕು ಹುಟ್ಟುವುದು ಗಾಜಿನ ಕೊಳವೆಯೊಳಗಿನ ಆವಿಯ ಮೂಲಕ ವಿದ್ಯುತ್ ಹರಿದಾಗ. ಆವಿಯ ಗುಣ ವಿಚಿತ್ರವಾದುದು: ಪ್ರವಾಹ ಹೆಚ್ಚಿದಂತೆಲ್ಲ ಅದರ ತಡೆ ಕುಗ್ಗುತ್ತದೆ, ತಡೆ ಕುಗ್ಗಿದಂತೆಲ್ಲ ಪ್ರವಾಹ ಮತ್ತಷ್ಟು ಹೆಚ್ಚುತ್ತದೆ. ನೇರವಾಗಿ ಲೈನಿಗೆ ಜೋಡಿಸಿದರೆ ದೀಪ ಕ್ಷಣದಲ್ಲಿ ಹಾಳಾಗುವುದು. ನಾಲೆಯ ನೀರಿಗೆ ತೂಬು ಇದ್ದಂತೆ, ಈ ಹರಿವನ್ನು ಮಿತಿಯಲ್ಲಿಡುವುದು ಚೋಕ್. ಕಬ್ಬಿಣದ ತಗಡುಗಳ ಮೇಲೆ ಸುತ್ತಿದ ತಂತಿಯ ಸುರುಳಿ. ಟ್ಯೂಬ್‌ಲೈಟಿನಲ್ಲಿ ಸ್ಟಾರ್ಟರ್ ಸಂಪರ್ಕ ಕಡಿದಾಗ ಹೆಚ್ಚಿನ ವೋಲ್ಟೇಜ್ ಎಬ್ಬಿಸಿ ದೀಪ ಹೊತ್ತಿಸುವುದೂ ಇದೇ ಸುರುಳಿ. ಸೋಡಿಯಂ ದೀಪಕ್ಕೆ ಆ ಕೆಲಸಕ್ಕೆಂದೇ ಇಗ್ನೈಟರ್ ಇರುತ್ತದೆ.

ಸೋಡಿಯಂ ದೀಪ ಕೆಲ ನಿಮಿಷ ಉರಿದು, ಆರಿ, ತಣಿದ ಬಳಿಕ ತಾನಾಗಿ ಮತ್ತೆ ಹೊತ್ತಿಕೊಂಡರೆ, ಸಾಮಾನ್ಯವಾಗಿ ದೋಷ ದೀಪದ್ದೇ. ವಯಸ್ಸಾದಂತೆ ದೀಪಕ್ಕೆ ಬೇಕಾಗುವ ವೋಲ್ಟೇಜ್ ಏರುತ್ತದೆ. ಕೊನೆಗೆ ಅಷ್ಟನ್ನು ಒದಗಿಸಲು ಚೋಕಿಗೆ ಸಾಧ್ಯವಾಗದು. ಮೊದಲು ದೀಪ ಬದಲಿಸಿ ನೋಡಬೇಕು. ಪಂಪ್‌ಸೆಟ್ಟುಗಳು ಓಡುವ ವೇಳೆಯಲ್ಲಿ ಮಾತ್ರ ಆರುತ್ತಿದ್ದರೆ ಲೈನಿನ ವೋಲ್ಟೇಜ್ ಅಳೆಯಿಸುವುದು ಸೂಕ್ತ. ಟ್ಯೂಬಿನ ತುದಿ ಕಪ್ಪಾಗಿದ್ದರೆ ಟ್ಯೂಬು ಮುಗಿದಂತೆ. ಕೇವಲ ಮಿನುಗುತ್ತಿದ್ದರೆ ಅಗ್ಗದ ಸ್ಟಾರ್ಟರನ್ನು ಮೊದಲು ಪರೀಕ್ಷಿಸಬಹುದು. ಸುಟ್ಟ ವಾಸನೆ, ಡಾಂಬರಿನಂತಹ ದ್ರವ ಸೋರುವಿಕೆ ಕಂಡಾಗಲೇ ಚೋಕಿನ ಮೇಲೆ ಶಂಕಿಸುವುದು ಯುಕ್ತ.

ಖರೀದಿಸುವಾಗ ಚೋಕಿನ ಮೇಲಿನ ವ್ಯಾಟ್, ದೀಪದ ವ್ಯಾಟ್ ಎರಡೂ ಒಂದೇ ಇರಬೇಕು. ದಾಸ್ತಾನಿನಲ್ಲಿದ್ದುದನ್ನೇ ಹಾಕಿಬಿಡುವುದು ಸಲ್ಲದು: 150 ವ್ಯಾಟ್ ದೀಪಕ್ಕೆ 250 ವ್ಯಾಟ್ ಚೋಕ್ ಹಾಕಿದರೆ ದೀಪ ಅಕಾಲದಲ್ಲಿ ಹಾಳಾಗುತ್ತದೆ.

ವಿದ್ಯುತ್ ಬಿಲ್ಲಿನ ವಿಚಾರವೂ ಇದೆ. ಸುರುಳಿ ಚೋಕ್ ತಾನೇ ಬಿಸಿಯಾಗಿ ವಿದ್ಯುತ್ ತಿನ್ನುತ್ತದೆ. 40 ವ್ಯಾಟ್ ಟ್ಯೂಬಿನೊಂದಿಗೆ ಸುಮಾರು 15 ವ್ಯಾಟ್ ಎಂದಿಟ್ಟುಕೊಂಡರೂ, ರಾತ್ರಿಗೆ 12 ಗಂಟೆಯಂತೆ ಒಂದು ದೀಪಕ್ಕೆ ವರ್ಷಕ್ಕೆ 65 ಯೂನಿಟ್ ಮೀರುತ್ತದೆ. ನೂರು ದೀಪಗಳಿದ್ದಲ್ಲಿ 6,500ಕ್ಕೂ ಹೆಚ್ಚು. ಎಲೆಕ್ಟ್ರಾನಿಕ್ ಚೋಕಿನಲ್ಲಿ ಈ ನಷ್ಟ ಬಹಳ ಕಡಿಮೆ. ಎಲ್‌ಇಡಿ ಟ್ಯೂಬಿಗೆ ಬದಲಾಯಿಸುವಾಗ ಹಳೆಯ ಚೋಕನ್ನು ಉಳಿಸಬೇಕೋ ತೆಗೆಯಬೇಕೋ ಎಂಬುದನ್ನು ತಯಾರಕರ ಜೋಡಣಾ ನಕ್ಷೆಯಂತೆಯೇ ನಿರ್ಧರಿಸತಕ್ಕದ್ದು.

ತೆಗೆದ ಹಳೆಯ ಟ್ಯೂಬುಗಳಲ್ಲಿ ಪಾದರಸವಿರುವುದರಿಂದ ಅವುಗಳನ್ನು ಒಡೆಯದೆ, ಶಾಲೆ ಮತ್ತು ಅಂಗನವಾಡಿಗಳಿಂದ ದೂರದಲ್ಲಿ, ಪೆಟ್ಟಿಗೆಯಲ್ಲಿ ಪ್ರತ್ಯೇಕವಾಗಿ ಇರಿಸತಕ್ಕದ್ದು.