ನೀರು ಮುಟ್ಟುವ ಬಣ್ಣ

ಹಂಪಿ ಬಜಾರಿನಿಂದ ಕಮಲಾಪುರದ ಕಡೆಗೆ ಹೊರಟು ರಾಜಪ್ರಾಂಗಣವನ್ನು ಹೊಕ್ಕವರು ಮಹಾನವಮಿ ದಿಬ್ಬದ ಗಾಂಭೀರ್ಯಕ್ಕೆ ಮನಸೋತು, ಅದರ ಆಸುಪಾಸಿನಲ್ಲಿ ಕಲ್ಲುಕಂಬಗಳ ಮೇಲೆ ಹಾಯ್ದುಹೋಗಿರುವ ಕಲ್ಲುದೋಣಿಯ ಸಾಲನ್ನು ಸಾಮಾನ್ಯವಾಗಿ ಗಮನಿಸದೆ ಮುಂದೆ ನಡೆದುಬಿಡುತ್ತಾರೆ. ಬಂಡೆಯೇ ನೆಲವಾದ ಈ ಬಿಸಿಲುನಾಡಿನಲ್ಲಿ ಒಂದು ಮಹಾನಗರವು ಎರಡು ಶತಮಾನಗಳಿಗೂ ಮಿಗಿಲಾಗಿ ಬಾಳಿದುದು ಆ ದೋಣಿಗಳಿಂದ, ತುಂಗಭದ್ರೆಯಿಂದ ತಿರುಗಿಸಿ ತಂದ ಕಾಲುವೆಗಳಿಂದ, ನೆಲದಲ್ಲಿ ಹುದುಗಿಸಿದ ಸುಟ್ಟಮಣ್ಣಿನ ಕೊಳವೆಗಳಿಂದ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಎರಡು ಬೆಟ್ಟಗಳ ಸಂದಿಯಲ್ಲಿ ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆಯನ್ನು ವರ್ಣಿಸುತ್ತ, ಮೂರು ಹರದಾರಿಗೂ ಮಿಕ್ಕ ದೂರದಿಂದ ಬೆಟ್ಟದ ಬುಡವನ್ನು ಹಿಡಿದು ಬರುವ ಕೊಳವೆಗಳಿಂದಲೂ ಅದಕ್ಕೆ ನೀರು ಬರುತ್ತಿತ್ತೆಂದು ಬರೆದಿದ್ದಾನೆ.

ಈ ನೀರಿನ ವ್ಯವಸ್ಥೆಯನ್ನು ಕಟ್ಟಿದ ಕಸುಬುದಾರರು ನೀರು ಮುಟ್ಟುವ ಮೈಗೆ ಆರಿಸಿಕೊಂಡುದು ಕಲ್ಲನ್ನು, ಸುಟ್ಟ ಮಣ್ಣನ್ನು ಮತ್ತು ಸುಣ್ಣದ ಗಾರೆಯನ್ನು. ಮೊದಲಿನ ಎರಡೂ ನೀರಿಗೆ ಏನನ್ನೂ ಬಿಟ್ಟುಕೊಡುವ ಸ್ವಭಾವದವಲ್ಲ. ಗಾರೆಯ ಸಂಗತಿ ಹಾಗಲ್ಲ. ಹಸಿ ಸುಣ್ಣವು ತೀಕ್ಷ್ಣವಾದ ಕ್ಷಾರ. ಅದು ಕರಗಿದ ನೀರಿನಲ್ಲಿ ಮೀನು ಬದುಕಲಾರದು. ಅದೇ ಗಾರೆಯು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ವಾರಗಳು, ತಿಂಗಳುಗಳ ಕಾಲ ನಿಧಾನವಾಗಿ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಮಾರ್ಪಟ್ಟ ಮೇಲೆ, ಅದು ಕಲ್ಲಿಗೆ ಸಮಾನವಾಗಿ ನಿರುಪದ್ರವಿಯಾಗುತ್ತದೆ. ಕಡಲಿನ ಹವಳದ ಎಲುಬೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟು. ಹೀಗೆ ಒಂದೇ ಲೇಪವು ಇಂದು ವಿಷ, ಕೆಲವು ತಿಂಗಳ ಮೇಲೆ ಆಶ್ರಯ. ಆ ಅಂತರವನ್ನು ತುಂಬುವುದು ಕಾಲವೇ ಹೊರತು ಬೇರೊಂದು ರಸಾಯನವಲ್ಲ. ಹೊಸ ಸಿಮೆಂಟು ತೊಟ್ಟಿಯಲ್ಲಿ ಮೀನು ಬಿಡುವ ಮುನ್ನ ಬಾಳೆದಿಂಡನ್ನು ನೆನೆಹಾಕಿ, ನೀರನ್ನು ಹಲವು ಬಾರಿ ಚೆಲ್ಲಿ ತುಂಬುವ ನಮ್ಮ ಕಡೆಯ ಪದ್ಧತಿಯ ಹಿಂದಿರುವ ತಿಳಿವಳಿಕೆಯೂ ಇದೇ.

ಈ ತಿಳಿವಳಿಕೆಯನ್ನು ನಾನಿಲ್ಲಿ ಸ್ಮರಿಸುತ್ತಿರುವುದು ಇತ್ತೀಚಿನ ಒಂದು ಹವ್ಯಾಸದ ಸಲುವಾಗಿ. ಕಾರವಾರದ ಕಡಲಿಗೆ ಇನ್ನೂರು ಕಿಲೋಮೀಟರಿಗೂ ಮಿಗಿಲು ದೂರದಲ್ಲಿರುವ ಹೊಸಪೇಟೆಯಂಥ ಒಳನಾಡಿನ ಊರಿನಲ್ಲಿಯೂ ಶುದ್ಧೀಕರಿಸಿದ ನೀರಿಗೆ ಸಮುದ್ರ ಲವಣದ ಮಿಶ್ರಣವನ್ನು ಕರಗಿಸಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಪ್ರಮಾಣವನ್ನು ಕಾಯ್ದುಕೊಂಡು, ಮನೆಯೊಳಗೇ ಸಮುದ್ರಜಲದ ಅಕ್ವೇರಿಯಮ್ಮನ್ನು ಇಡುವುದು ಇಂದು ಅಸಾಧ್ಯವಲ್ಲ. ಗಾಜಿನ ತೊಟ್ಟಿಯ ಕೆಳಗೆ ಒಂದು ಸಂಪು, ಅದರಿಂದ ನೀರನ್ನು ಮೇಲೆತ್ತುವ ಪಂಪು, ಮೇಲಿನ ನೀರನ್ನು ಕೆಳಗಿಳಿಸುವ ಕೊಳವೆ, ನಡುನಡುವೆ ಎಲ್ಬೋ, ಟೀ, ಯೂನಿಯನ್, ಬಾಲ್ ವಾಲ್ವ್; ಈ ಕೊಳವೆಗಳೂ ಕೂಡಿಕೆಗಳೂ ಪಿವಿಸಿಯವು. ಲೋಹವು ಉಪ್ಪುನೀರಿನಲ್ಲಿ ಕ್ಷಯಿಸುವುದರಿಂದ ಪ್ಲಾಸ್ಟಿಕ್ಕೇ ಇಲ್ಲಿ ಯುಕ್ತವಾದ ವಸ್ತು. ಆದರೆ ನೀಲಿ ಬೆಳಕಿನ ಕೆಳಗೆ ಆ ಬಿಳಿಯ ಪೈಪುಗಳು ಕಣ್ಣಿಗೆ ಹೊಡೆಯುತ್ತವೆ. ಅದೂ ಅಲ್ಲದೆ ತೆಳುವಾದ ಬಿಳಿ ಪೈಪಿನ ಗೋಡೆಯನ್ನು ಹಾಯ್ದ ಬೆಳಕು ಒಳಗೆ ಪಾಚಿಯನ್ನು ಬೆಳೆಸುತ್ತದೆ. ಆದುದರಿಂದಲೇ ಅವುಗಳಿಗೆ ಕಪ್ಪು ಬಣ್ಣ ಬಳಿಯಬೇಕೆಂಬ ಅಪೇಕ್ಷೆ ಹುಟ್ಟುವುದು ಸಹಜ.

ಅಪೇಕ್ಷೆ ಸಹಜವಾದರೂ ಅಂಗಡಿಯಲ್ಲಿ ಕೈಗೆ ಸಿಕ್ಕ ಡಬ್ಬವನ್ನು ತರುವುದು ಸರ್ವಥಾ ತಗದು. ಬಾಗಿಲು ಕಿಟಕಿಗಳಿಗೆ ಬಳಿಯುವ ಸಿಂಥೆಟಿಕ್ ಎನಾಮೆಲ್ ನುಣುಪಾದ ಪಿವಿಸಿಯ ಮೈಗೆ ಗಟ್ಟಿಯಾಗಿ ಕಚ್ಚದು. ಸಮುದ್ರದ ನೀರು ಸ್ವಭಾವತಃ ಕ್ಷಾರೀಯವಾಗಿದ್ದು, ಅದರ ಪಿಎಚ್ ಸುಮಾರು 8.2ರಷ್ಟಿರುವುದರಿಂದ, ಎಣ್ಣೆಯಂಶದ ಆ ಬಣ್ಣವು ಕ್ರಮೇಣ ಮೆತ್ತಗಾಗಿ ಹೊಪ್ಪಳಿಕೆಯೇಳುತ್ತದೆ. ಮನೆಯ ಹೊರಗೋಡೆಯ ಎಮಲ್ಷನ್ನುಗಳಲ್ಲಿ ಪಾಚಿ, ಬೂಷ್ಟು ಕಟ್ಟದಿರಲೆಂದು ಜೀವನಾಶಕ ಔಷಧಗಳನ್ನು ಬೆರೆಸಿರುತ್ತಾರೆ. ಗೋಡೆಗೆ ಗುಣವಾದುದು ಇಲ್ಲಿ ದೋಷ. ಬಂಗಾರದ ಬಣ್ಣ, ತಾಮ್ರದ ಬಣ್ಣ ಎಂದು ಮಾರುವ ಲೋಹಚ್ಛಾಯೆಗಳನ್ನಂತೂ ದೂರವಿಡತಕ್ಕದ್ದು. ತೋಟಕ್ಕೆ ಮೈಲುತುತ್ತವನ್ನು ಸಿಂಪಡಿಸಿ ಶಿಲೀಂಧ್ರವನ್ನು ಕೊಲ್ಲುವ ನಮ್ಮ ರೈತರಿಗೆ ತಾಮ್ರದ ಪ್ರಭಾವವನ್ನು ಹೇಳಿಕೊಡಬೇಕಾಗಿಲ್ಲ. ಮೀನು ಸಹಿಸಿಕೊಳ್ಳಬಹುದಾದಷ್ಟು ಅಲ್ಪ ತಾಮ್ರವೂ ಸೀಗಡಿಗೆ, ಶಂಖದ ಹುಳುವಿಗೆ, ಹವಳಕ್ಕೆ ಮರಣಪ್ರಾಯ. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು 2016ರ ಕೇಂದ್ರ ನಿಯಮ ವಿಧಿಸಿದೆಯಾದರೂ, ಅದಕ್ಕಿಂತ ಹಿಂದಿನ ಹಳೆಯ ಡಬ್ಬಗಳು ಇಂದಿಗೂ ಅಟ್ಟದ ಮೇಲೆ ಇರುತ್ತವೆ. ಪೈಪಿನ ವಿಷಯದಲ್ಲಿಯೂ ಎಚ್ಚರ ಬೇಕು; ಪಿವಿಸಿ ಪೈಪುಗಳಲ್ಲಿ ಸೀಸದ ಸ್ಥಿರಕಾರಿಗಳ ಬಳಕೆಯನ್ನು ಕುರಿತ ನಿಯಮಗಳು ಬಂದುದು 2021ರಲ್ಲಿ. ಸೀಸರಹಿತವೆಂದು ಮುದ್ರಿಸಿರುವ ಪೈಪನ್ನೇ ಕೇಳಿ ಪಡೆಯಬೇಕು.

ಹಾಗಾದರೆ ತಕ್ಕ ಬಣ್ಣ ಯಾವುದು? ಪ್ಲಾಸ್ಟಿಕ್ಕಿಗೆಂದೇ ತಯಾರಾದ, ಅಕ್ರಿಲಿಕ್ ಮೂಲದ, ಲೋಹದ ಹೊಳಪಿಲ್ಲದ ಸ್ಪ್ರೇ ಬಣ್ಣ. ಅಮೆರಿಕೆಯ ಹವ್ಯಾಸಿಗಳು ಕ್ರೈಲಾನ್ ಫ್ಯೂಷನ್ ಎಂಬ ಇಂಥದೊಂದು ಬಣ್ಣವನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಆದರೂ ಬಣ್ಣದ ಆಯ್ಕೆಗಿಂತ ಬಳಿಯುವ ಕ್ರಮವೇ ಹಿರಿದೆಂದು ನನ್ನ ಅಭಿಪ್ರಾಯ.

ಈ ಕ್ರಮಕ್ಕೆ ರಾಜಪ್ರಾಂಗಣದ ಮೆಟ್ಟಿಲು ಪುಷ್ಕರಣಿಯೇ ಒಳ್ಳೆಯ ಪಾಠ. 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಆ ಕಪ್ಪುಶಿಲೆಯ ಕೊಳದ ಕಲ್ಲುಗಳ ಮೇಲೆ, ಪ್ರತಿಯೊಂದೂ ಯಾವ ದಿಕ್ಕಿನ ಯಾವ ಸಾಲಿನ ಎಷ್ಟನೆಯ ಕಲ್ಲೆಂಬುದನ್ನು ಸೂಚಿಸುವ ಗುರುತುಗಳನ್ನು ಶಿಲ್ಪಿಗಳು ಕೊರೆದಿದ್ದಾರೆ. ಬೇರೆಡೆ ಅಳತೆಗೆ ಕಡೆದ ಕಲ್ಲು ಇಲ್ಲಿಗೆ ಬಂದು ತನ್ನ ಸ್ಥಾನದಲ್ಲಿ ತಪ್ಪದೆ ಕೂತುದು ಆ ಗುರುತುಗಳಿಂದ. ಪೈಪುಗಳನ್ನೂ ಹಾಗೆಯೇ ಮೊದಲು ಪೈಪು ಅಂಟಿಸುವ ಸಲ್ಯೂಷನ್ ಹಚ್ಚದೆ ಒಣಗಿದ್ದಂತೆಯೇ ಜೋಡಿಸಿ, ಪ್ರತಿಯೊಂದು ಕೂಡಿಕೆಯ ಎರಡು ಬದಿಗೂ ಅಡ್ಡಲಾಗಿ ಪೆನ್ಸಿಲಿನ ಗೀಟನ್ನೂ ಸಂಖ್ಯೆಯನ್ನೂ ಹಾಕಿ, ಬಳಿಕ ಬಿಚ್ಚಬೇಕು. ಎಲ್ಬೋದೊಳಗೆ ಹುದುಗುವ ಪೈಪಿನ ತುದಿಗೆ ಅಷ್ಟಗಲ ಮಾಸ್ಕಿಂಗ್ ಟೇಪು ಸುತ್ತಬೇಕು. ಏಕೆಂದರೆ ಸಲ್ಯೂಷನ್ನು ಬರಿಯ ಪಿವಿಸಿಯನ್ನು ಕರಗಿಸಿ ಎರಡನ್ನು ಒಂದಾಗಿಸುತ್ತದೆಯೇ ಹೊರತು, ನಡುವೆ ಬಣ್ಣದ ಪೊರೆ ಬಂದರೆ ಆ ಕೂಡಿಕೆ ಸೋರದೆ ನಿಲ್ಲದು. ಪೈಪಿನ ಬಾಯಿಗಳನ್ನು ಕಾಗದದಿಂದ ಬಿಗಿದು ಮುಚ್ಚಬೇಕು. ಒಳಮೈಗೆ ಬಣ್ಣದ ಹನಿಯೂ ಸೋಕಬಾರದು. ಯೂನಿಯನ್ನಿನ ರಬ್ಬರು ಬಳೆ, ವಾಲ್ವಿನ ತಿರುಗುವ ಭಾಗ, ಇವಕ್ಕೂ ಬಣ್ಣ ಬೇಡ.

ಮೇಲ್ಮೈಯ ಹೊಳಪು ಸತ್ತು ಮಂಕಾಗುವವರೆಗೆ 320ರ ಸ್ಯಾಂಡ್ ಪೇಪರಿನಿಂದ ಹದವಾಗಿ ಉಜ್ಜಿ, ಸೋಪುನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಆ ಬಳಿಕ ಬರಿಗೈಯಿಂದ ಮುಟ್ಟದಿರುವುದು ಲೇಸು. ಥಿನ್ನರನ್ನಾಗಲಿ ಅಸಿಟೋನನ್ನಾಗಲಿ ಒರೆಸಲು ಬಳಸಿದರೆ ಪಿವಿಸಿಯ ಮೈಯೇ ಮೆತ್ತಗಾದೀತು. ನಮ್ಮ ಸೀಮೆಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯ ಸುತ್ತ ನಿಲ್ಲುವುದರಿಂದ, ಮಧ್ಯಾಹ್ನ ಸಿಂಪಡಿಸಿದ ಬಣ್ಣವು ಪೈಪಿಗೆ ತಾಗುವ ಮೊದಲೇ ಅರೆಬರೆ ಒಣಗಿ, ಧೂಳಿನಂತೆ ಕೂತು, ಬೆರಳಿಗೆ ಉದುರುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಕಡೆ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು, ಒಂದು ದಪ್ಪ ಲೇಪದ ಬದಲಿಗೆ ಮೂರು ನಾಲ್ಕು ತೆಳು ಲೇಪಗಳನ್ನು ಕೊಡಬೇಕು. ದಪ್ಪ ಲೇಪದ ಮೇಲ್ಪೊರೆ ಬೇಗ ಗಟ್ಟಿಯಾಗಿ, ಒಳಗಿನ ದ್ರಾವಕವನ್ನು ಹೊರಹೋಗಗೊಡದೆ ತಡೆಹಿಡಿಯುತ್ತದೆ. ಅದೇ ಮುಂದೆ ನೀರಿನಲ್ಲಿ ಮೆಲ್ಲಮೆಲ್ಲನೆ ಬಿಡುಗಡೆಯಾಗುವುದು.

ಇಲ್ಲಿ ಮತ್ತೆ ಗಾರೆಯ ನ್ಯಾಯವೇ ಅನ್ವಯವಾಗುತ್ತದೆ. ಗಂಟೆಯೊಳಗೆ ಕೈಗೆ ಅಂಟದಂತಾದ ಬಣ್ಣವು ಒಣಗಿದೆಯೇ ವಿನಾ ಪಕ್ವವಾಗಿಲ್ಲ. ಡಬ್ಬದ ಮೇಲೆ ಬರೆದಿರುವ ಪೂರ್ಣ ಅವಧಿ ಕಳೆದ ಮೇಲೂ ಎರಡು ವಾರ ಗಾಳಿಯಲ್ಲಿ ಬಿಟ್ಟು, ಮೂಗಿಗೆ ಹಿಡಿದು ನೋಡಿ, ವಾಸನೆ ಸಂಪೂರ್ಣವಾಗಿ ಅಡಗಿದೆಯೆಂದು ನಿಶ್ಚಯವಾದರೆ, ಬಕೆಟ್ಟಿನ ಉಪ್ಪುನೀರಿನಲ್ಲಿ ಕೆಲವು ದಿನ ಮುಳುಗಿಸಿಟ್ಟು, ಉಗುರಿನಿಂದ ಕೆರೆದರೆ ಬಣ್ಣ ಏಳುವುದೋ ಎಂದು ಪರೀಕ್ಷಿಸಬೇಕು. ಎದ್ದರೆ ಆ ಪೈಪು ತೊಟ್ಟಿಗೆ ಸಲ್ಲದು. ಕಳಚಿದ ಚಕ್ಕೆ ಪಂಪಿನ ಚಕ್ರವನ್ನು ಕಟ್ಟಿಹಾಕುವುದಲ್ಲದೆ, ಆಹಾರವೆಂದು ಭ್ರಮಿಸಿದ ಮೀನಿನ ಹೊಟ್ಟೆಯನ್ನೂ ಸೇರೀತು.

ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದಿರುವ ಪಿವಿಸಿಯ ನಿಯಮ ಇದಕ್ಕೆ ವಿಪರೀತ. ಅಲ್ಲಿ ಕಪ್ಪು ಬಣ್ಣವು ಶಾಖವನ್ನು ಹೀರಿ ಪೈಪನ್ನು ಬಾಗಿಸುತ್ತದೆ. ನೀರಿನಲ್ಲಿ ಕಲಸುವ ತಿಳಿಯಾದ ಬಿಳಿ ಬಣ್ಣವೇ ಅದಕ್ಕೆ ರಕ್ಷೆ.

ಹವಳದ ಪ್ರಸ್ತಾಪ ಬಂದುದರಿಂದ ಇದೊಂದನ್ನು ಹೇಳಲೇಬೇಕು. ನಮ್ಮ ಕಡಲಿನ ಹವಳಗಳೂ ಕಡಲಕುದುರೆಗಳೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಜೀವಿಗಳು. ಅವುಗಳನ್ನು ಕಿತ್ತು ತಂದು ಮಾರುವುದೂ ಕೊಳ್ಳುವುದೂ ಅಪರಾಧ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ಸಾಧಿಸಿರುವಾಗ, ಕಡಲನ್ನು ಬರಿದುಮಾಡುವ ಆವಶ್ಯಕತೆಯೂ ಇಲ್ಲ.

ಇಷ್ಟೆಲ್ಲವನ್ನು ಹೇಳಿದ ಮೇಲೂ ಓದುಗರಲ್ಲಿ ನನ್ನ ವಿನಂತಿ ಬೇರೆಯೇ ಇದೆ. ಬಣ್ಣದ ಅಂಗಡಿಗೆ ಹೋಗುವ ಮೊದಲು ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ಬಾಳೆ, ಕಬ್ಬಿನ ರೈತರು ಪೈಪು ಕೊಳ್ಳುವ ಅಂಗಡಿಗೆ ಹೋಗಿ ನೋಡಿರಿ. ಅಲ್ಲಿ ಸುರುಳಿ ಸುತ್ತಿಟ್ಟಿರುವ ಕಪ್ಪು ಎಚ್‌ಡಿಪಿಇ ಪೈಪಿಗೆ ಆ ಬಣ್ಣ ಬಂದಿರುವುದು ಮೇಲೆ ಬಳಿದುದರಿಂದಲ್ಲ. ಪ್ಲಾಸ್ಟಿಕ್ಕಿನ ಒಡಲಿನಲ್ಲಿಯೇ ಶೇಕಡಾ 2.5ರಷ್ಟು ಇಂಗಾಲದ ಕಪ್ಪನ್ನು ಬೆರೆಸಿರುವುದರಿಂದ. ಅದನ್ನು ಸಲ್ಯೂಷನ್ನಿನಿಂದ ಅಂಟಿಸಲಾಗದು, ತಿರುಪಿನ ಕಂಪ್ರೆಶನ್ ಫಿಟಿಂಗುಗಳು ಬೇಕು; ಆದರೆ ಅದು ಬೆಳಕನ್ನು ಒಳಬಿಡದು, ಚಕ್ಕೆಯೇಳದು. ಕುಡಿಯುವ ನೀರಿಗೆಂದು ಮುದ್ರೆಯೊತ್ತಿದ ಹೊಸ ಪೈಪನ್ನೇ ಕೊಳ್ಳಿರಿ. ಗೊಬ್ಬರ, ಔಷಧ ಹರಿದ ಹಳೆಯ ತುಂಡನ್ನು ಅಗ್ಗವೆಂದು ತರಬೇಡಿರಿ. ಈ ಕಪ್ಪು ಪೈಪು ನಿಮ್ಮ ತೊಟ್ಟಿಗೆ ಹೊಂದದಿದ್ದರೆ ಮಾತ್ರ ಬಣ್ಣದ ಡಬ್ಬವನ್ನು ತೆರೆಯಿರಿ, ಹೊರಮೈಗಷ್ಟೇ ಬಳಿಯಿರಿ, ಮತ್ತು ಮೀನನ್ನು ತರುವ ದಿನವನ್ನು ಒಂದು ತಿಂಗಳು ಮುಂದೆ ಹಾಕಿರಿ.